ಫೋಟೋದಲ್ಲಿ ಅಮ್ಮ ಎಲ್ಲಿ

ಬೆಳಿಗ್ಗೆ ಎದ್ದ ಕೂಡಲೇ ಆ ಪುಟವನ್ನು ತೆರೆಯಬಾರದು ಎಂದು ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದೆ. ಎದ್ದ ಕೂಡಲೇ ನೋಡಿದ ದಿನಗಳಲ್ಲಿ ಹಾಲು ಉಕ್ಕಿ ಚೆಲ್ಲುತ್ತಿತ್ತು. ಬೀಗ ಹಾಕಿದೆನೋ ಇಲ್ಲವೋ ಎಂದು ಗಲ್ಲಿಯ ತುದಿಯಿಂದ ವಾಪಸು ಬಂದು ಮೂರನೆಯ ಮಹಡಿಗೆ ಮತ್ತೆ ಹತ್ತುತ್ತಿದ್ದೆ. ಹಾಗಾಗಿ ಲಕ್ಷ್ಮೀ ನಗರದಲ್ಲಿ ಮೆಟ್ರೋ ಹತ್ತಿ, ಯಮುನಾ ಬ್ಯಾಂಕ್ ನಿಲ್ದಾಣದಲ್ಲಿ ಇಳಿದು, ನೋಯ್ಡಾ ಕಡೆಯ ಗಾಡಿಗೆ ಬದಲಿಸಿ, ಬೆನ್ನು ಒರಗಿಸಲು ಒಂದು ಜಾಗ ಸಿಕ್ಕ ಮೇಲೆಯೇ ಫೋನ್ ತೆಗೆಯುತ್ತಿದ್ದೆ. ಅರ್ಜಿಯ ಸಂಖ್ಯೆ, ಹುಟ್ಟಿದ ತಾರೀಖು, ತಿರುಗುವ ಒಂದು ಸಣ್ಣ ಚಕ್ರ. ಆಮೇಲೆ ಅದೇ ಸಾಲು: ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.

ನನ್ನ ಗಂಡ ಇರುವ ದೇಶಕ್ಕೆ ನಾನು ಹೋಗಿ ನೆಲೆಸುವುದಕ್ಕೆ ಹಾಕಿದ ಅರ್ಜಿ ಅದು. ಆ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಏನೂ ಆಗುವುದಿಲ್ಲ ಎಂದು ಗೊತ್ತಿದೆ. ಆದರೂ ಕೈ ಬರುವುದಿಲ್ಲ. ಅವರು ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯಲ್ಲಿ ನರ್ಸ್. ನಾನು ಮದುವೆಗೆ ಮೊದಲೇ ದೆಹಲಿಗೆ ಬಂದವಳು, ನೋಯ್ಡಾದ ಒಂದು ಕಂಪನಿಯಲ್ಲಿ ಕೆಲಸ. ಮದುವೆಯಾಗಿ ಮೂರು ವಾರ ಒಟ್ಟಿಗೆ ಇದ್ದೆವು. ಅವರ ರಜೆ ಅಷ್ಟೇ ಇತ್ತು. ಆಮೇಲೆ ಅವರು ಅಲ್ಲಿ, ನಾನು ಇಲ್ಲಿ. ಎಂಟು ತಿಂಗಳಲ್ಲಿ ಹೆಂಡತಿ ಬಂದುಬಿಡುತ್ತಾಳೆ ಎಂದು ಅವರ ಜೊತೆ ಕೆಲಸ ಮಾಡುವವರೆಲ್ಲ ಹೇಳಿದ್ದರಂತೆ.

ಇನ್ನೇನು ಹೊರಡುವವಳು ಎಂದುಕೊಂಡೇ ನಾನು ಮನೆ ನಡೆಸಿದೆ. ಅಕ್ಕಿ ಒಂದೊಂದೇ ಕೆಜಿ ತರುತ್ತಿದ್ದೆ. ಕಿರಾಣಿ ಅಂಗಡಿಯ ಭಯ್ಯಾ ಐದು ಕೆಜಿಯ ಚೀಲ ತೋರಿಸಿದರೆ ಬೇಡ ಎನ್ನುತ್ತಿದ್ದೆ. ಮೊದಲ ಬೇಸಿಗೆಯಲ್ಲಿ, ಒಂದೆರಡು ತಿಂಗಳಿಗೆ ಯಾಕೆ ಎಂದು ಕೂಲರ್ ಕೊಳ್ಳಲಿಲ್ಲ. ಎರಡನೆಯ ಬೇಸಿಗೆಯಲ್ಲೂ ಅದನ್ನೇ ಹೇಳಿಕೊಂಡು ಕಿಟಕಿಗೆ ಒದ್ದೆ ಟವೆಲ್ ಕಟ್ಟಿ ಮಲಗಿದೆ. ನಡುವೆ ಬಂದ ಚಳಿಗಾಲದಲ್ಲಿ ಹೊಗೆಗೆ ಗಂಟಲು ಕಟ್ಟಿ, ಸಹೋದ್ಯೋಗಿಗಳೆಲ್ಲ ಮನೆಗೆ ಗಾಳಿ ಶುದ್ಧ ಮಾಡುವ ಯಂತ್ರ ತಂದುಕೊಂಡಾಗಲೂ ನಾನು ತರಲಿಲ್ಲ. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಏನಾದರೂ ಕೊಂಡರೆ, ನಾನು ಇಲ್ಲೇ ಇರುತ್ತೇನೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ, ಅದು ಹೇಗೋ ಆ ಕಚೇರಿಗೆ ಗೊತ್ತಾಗಿಬಿಡುತ್ತದೆ ಎಂಬಂತಹ ಒಂದು ಹೆದರಿಕೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮನೆಯೊಡತಿ ಕೆಳಗಿನ ಮಹಡಿಯಲ್ಲಿದ್ದರು. ಸಂಜೆ ನಾನು ಬರುವ ಹೊತ್ತಿಗೆ ಬಾಗಿಲಲ್ಲಿ ಬೆತ್ತದ ಮೋಡಾ ಹಾಕಿಕೊಂಡು ಬಟಾಣಿ ಬಿಡಿಸುತ್ತಾ ಕೂತಿರುತ್ತಿದ್ದರು.

"ಬೇಟಾ, ವೀಸಾ ಆಯಾ?"

"ಅಭೀ ನಹೀ, ಆಂಟಿ."

"ಅಚ್ಛಾ. ಆ ಜಾಯೇಗಾ, ಆ ಜಾಯೇಗಾ." ಬಂದೇ ಬರುತ್ತದೆ ಎಂದು ಸಮಾಧಾನ.

ಕೆಟ್ಟವರಲ್ಲ. ಜ್ವರ ಬಂದಾಗ ಖಿಚಡಿ ಕಳಿಸಿದ್ದಾರೆ. ಆದರೆ ಒಂದು ದಿನ ಪಕ್ಕದ ಮನೆಯಾಕೆಯ ಎದುರು ನಗುತ್ತಾ ಕೇಳಿದರು, "ಪತಿ ಹೈ ಭೀ, ಯಾ ಸಿರ್ಫ್ ಫೋನ್ ಮೇಂ ಹೈ?" ಗಂಡ ಅಂತ ಒಬ್ಬ ಇದ್ದಾನೋ, ಇಲ್ಲ ಬರೀ ಫೋನಿನಲ್ಲೋ. ನಾನೂ ನಕ್ಕೆ.

ನಮ್ಮ ಮದುವೆ ಅವಸರದಲ್ಲಿ ಆದದ್ದು ನಿಜ. ಸಂಬಂಧ ಅಪ್ಪ ಇದ್ದಾಗಲೇ ಮಾತಾಗಿತ್ತು. ಹುಡುಗನೊಡನೆ ಫೋನಿನಲ್ಲಿ ಮಾತಾಡಿ, "ನಿಧಾನಸ್ಥ, ಪರವಾಗಿಲ್ಲ" ಎಂದಿದ್ದರು. ಆಮೇಲೆ ಒಂದು ಬೆಳಿಗ್ಗೆ ಅಪ್ಪ ತೀರಿಕೊಂಡರು. ನಮ್ಮ ಕಡೆ ಮನೆಯಲ್ಲಿ ತಂದೆ ಹೋದರೆ, ಮದುವೆಗೆ ಬಂದ ಮಕ್ಕಳ ಮದುವೆಯನ್ನು ವರ್ಷ ತುಂಬುವುದರೊಳಗೆ ಮಾಡುತ್ತಾರೆ. ಅದು ತಪ್ಪಿದರೆ ಮೂರು ವರ್ಷ ತಡೆಯಬೇಕು. ಚಿಕ್ಕಪ್ಪ ಓಡಾಡಿ ತುಮಕೂರಿನಲ್ಲಿ ದೇವಸ್ಥಾನದ ಪಕ್ಕದ ಒಂದು ಸಣ್ಣ ಛತ್ರ ಹಿಡಿದರು. ಒಂದು ನಾದಸ್ವರ, ಒಂದು ಡೋಲು. ಎರಡೂ ಕಡೆಯ ತೀರಾ ಹತ್ತಿರದವರಷ್ಟೇ. ಸಾವಾದ ಮನೆ, ಹಾಗಾಗಿ ಆರತಕ್ಷತೆ ಇಲ್ಲ, ಫೋಟೋದವರನ್ನು ಕರೆಯಲಿಲ್ಲ. ಚಿಕ್ಕಪ್ಪನ ಮಗಳು ತನ್ನ ಫೋನಿನಲ್ಲಿ ತೆಗೆದದ್ದಷ್ಟೇ ನಮ್ಮ ಮದುವೆಯ ಫೋಟೋಗಳು.

ಹಸೆಮಣೆಯ ಪಕ್ಕದಲ್ಲಿ ಚಿಕ್ಕಪ್ಪ ಚಿಕ್ಕಮ್ಮ ನಿಂತು ಧಾರೆ ಎರೆದರು. ಅಮ್ಮ ಉಗ್ರಾಣದಲ್ಲಿದ್ದಳು.

ಅದರ ಬಗ್ಗೆ ಆಗ ಯಾರೂ ಮಾತಾಡಿರಲಿಲ್ಲ. ನೀನು ಅಲ್ಲಿರು ಎಂದು ಅಮ್ಮನಿಗೆ ಯಾರೂ ಹೇಳಲಿಲ್ಲ. ಇಲ್ಲಿ ಬಾ ಎಂದೂ ಹೇಳಲಿಲ್ಲ. ಗಂಡ ತೀರಿಕೊಂಡ ವರ್ಷದಲ್ಲಿ ಹೆಂಗಸು ಮಂಟಪದ ಹತ್ತಿರ ಸುಳಿಯುವುದಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದು. ಅಮ್ಮ ಬೆಳಿಗ್ಗೆಯೇ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಅಡುಗೆಯವರಿಗೆ ಅಕ್ಕಿ, ಬೇಳೆ, ಎಣ್ಣೆ ಅಳೆದು ಕೊಟ್ಟಳು. ಧಾರೆ ಮುಗಿದ ಮೇಲೆ ನಾವಿಬ್ಬರೂ ಅಲ್ಲಿಗೇ ಹೋಗಿ ಅವಳ ಕಾಲಿಗೆ ಬಿದ್ದೆವು. ಅಲ್ಲಿ ಫೋಟೋ ತೆಗೆಯಲು ಯಾರೂ ಇರಲಿಲ್ಲ.

ಅರ್ಜಿ ಹಾಕಿದ ಹೊಸದರಲ್ಲಿ ನಾವು ತುಂಬಾ ಮಾತಾಡುತ್ತಿದ್ದೆವು. ನಾನು ಕೆಲಸ ಮುಗಿಸಿ ಬರುವ ಹೊತ್ತಿಗೆ ಅವರಿಗೆ ಬೆಳಗಾಗಿ ರಾತ್ರಿ ಪಾಳಿ ಮುಗಿದಿರುತ್ತಿತ್ತು. ಬಸ್ಸಿಗೆ ಕಾಯುತ್ತಾ ಹಿಂದಿನ ರಾತ್ರಿಯ ಕಥೆ ಹೇಳುತ್ತಿದ್ದರು. ಒಬ್ಬ ಅಜ್ಜ ದಿನಾ ಹಲ್ಲುಸೆಟ್ಟನ್ನು ದಿಂಬಿನ ಚೀಲದೊಳಗೆ ಬಚ್ಚಿಟ್ಟು, ನರ್ಸುಗಳು ಕದ್ದರು ಎಂದು ಕೂಗುತ್ತಿದ್ದನಂತೆ. ಒಬ್ಬ ಅಜ್ಜಿಗೆ ಇವರು ಕನ್ನಡದಲ್ಲಿ ಮಾತಾಡಿದರೇ ಔಷಧ ಇಳಿಯುತ್ತಿತ್ತಂತೆ. "ಅರ್ಥ ಆಗುತ್ತಾ ಅವರಿಗೆ?" ಎಂದರೆ, "ಅರ್ಥ ಆಗಲ್ಲ ಅದಕ್ಕೇ ಜಗಳ ಆಡಲ್ಲ" ಎಂದು ನಗುತ್ತಿದ್ದರು.

ಆ ಮಾತು ಯಾವಾಗ ನಿಂತಿತೆಂದು ಖಚಿತವಾಗಿ ಹೇಳಲಾರೆ. ವೈದ್ಯಕೀಯ ತಪಾಸಣೆಯ ಅವಧಿ ಮುಗಿದು ಎರಡನೆಯ ಸಲ ಮಾಡಿಸಬೇಕಾಗಿ ಬಂತು. ಪೊಲೀಸ್ ಪ್ರಮಾಣಪತ್ರದ್ದೂ ಹಾಗೇ. ಎಕ್ಸ್-ರೇ ತೆಗೆಯುವಾಕೆ ನನ್ನನ್ನು ಗುರುತು ಹಿಡಿದು, "ಅರೇ, ಆಪ್ ಗಯೀ ನಹೀ ಅಭೀ ತಕ್?" ಎಂದಳು, ಇನ್ನೂ ಹೋಗಿಲ್ಲವಾ ಎಂದು. ಅಂದಿನಿಂದಲೋ ಏನೋ. ನಮ್ಮ ಸಂದೇಶಗಳನ್ನು ಈಗ ಓದಿದರೆ ಅವು ಒಂದು ಕಚೇರಿಯ ಇಬ್ಬರು ಗುಮಾಸ್ತರದ್ದು ಎನಿಸುತ್ತದೆ. ಏನಾದರೂ ಬಂತಾ. ಇಲ್ಲ. ಎಕ್ಸ್-ರೇ ಹೋಯ್ತಾ. ಹೋಯ್ತು. ಮೇಲ್ ನೋಡಿದ್ಯಾ. ನೋಡಿದೆ. ಸರಿ ಮಲಗ್ತೀನಿ. ಸರಿ.

ಪತ್ರ ಬಂದದ್ದು ಎರಡನೆಯ ಬೇಸಿಗೆ ಮುಗಿಯುವ ಹೊತ್ತಿಗೆ. ಆಫೀಸಿನಲ್ಲಿ ಊಟಕ್ಕೆ ಕೂತಿದ್ದೆ. ಓದಿ, ಡಬ್ಬಿ ಮುಚ್ಚಿ, ಮತ್ತೆ ಓದಿದೆ. ನಮ್ಮ ಮದುವೆ ನಿಜವಾದದ್ದೇ ಎಂಬುದು ಅಧಿಕಾರಿಗೆ ಮನವರಿಕೆಯಾಗಿಲ್ಲ ಎಂದಿತ್ತು. ವರ ಊರಿಗೆ ಬಂದದ್ದಕ್ಕೂ ಮದುವೆಗೂ ನಡುವೆ ಕಡಿಮೆ ಸಮಯ. ಕಡಿಮೆ ಅತಿಥಿಗಳು. ಕೊನೆಯಲ್ಲಿ, ವಧುವಿನ ತಾಯಿ ಜೀವಂತವಾಗಿದ್ದಾರೆಂದು ಅರ್ಜಿಯಲ್ಲಿದೆ, ಆದರೆ ಮದುವೆಯ ಒಂದು ಫೋಟೋದಲ್ಲೂ ಅವರು ಕಾಣುವುದಿಲ್ಲ. ತಂದೆ ತಾಯಿಯ ಜಾಗದಲ್ಲಿ ಬೇರೊಂದು ದಂಪತಿ ಇದ್ದಾರೆ. ವಿವರಣೆ ಕೊಡಿ. ವಿವರಣೆ ಸಾಲದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ.

ತಿರಸ್ಕೃತವಾದರೆ ಮತ್ತೆ ಮೊದಲಿನಿಂದ. ಮತ್ತೆ ಮೊದಲಿನಿಂದ ಶುರು ಮಾಡುವಷ್ಟು ನಮ್ಮಿಬ್ಬರ ನಡುವೆ ಏನು ಉಳಿದಿದೆ ಎಂದು ನಾನು ಆ ಮಧ್ಯಾಹ್ನ ಮೊದಲ ಬಾರಿ ಯೋಚಿಸಿದೆ. ಆ ಕಚೇರಿಯವರು ಮದುವೆ ನಿಜವೇ ಎಂದು ಕೇಳಿದ್ದರು. ಆ ಪ್ರಶ್ನೆ ಡಬ್ಬಿಯ ಪಕ್ಕದಲ್ಲಿ ನನ್ನ ಎದುರಿಗೇ ಕೂತುಬಿಟ್ಟಿತು.

ನಮ್ಮ ಗಲ್ಲಿಯ ಹತ್ತಿರ, ಕೋಚಿಂಗ್ ಬೋರ್ಡುಗಳ ನಡುವೆ, ಎರಡನೆಯ ಮಹಡಿಯಲ್ಲಿ ಒಬ್ಬ ವೀಸಾ ಸಲಹೆಗಾರರು ಕೂರುತ್ತಿದ್ದರು. ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಅವರು ಹೇಳಿದ್ದನ್ನು ನೆನಪಿದ್ದ ಮಟ್ಟಿಗೆ ಬರೆಯುತ್ತೇನೆ. ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿ, ಕನ್ನಡಕ ಹಣೆಗೇರಿಸಿದರು.

"ಮೇಡಂ, ಇದು ಮದುವೆಯಾ? ಯಾರೂ ನಗ್ತಾನೇ ಇಲ್ಲ."

"ಅಪ್ಪ ತೀರಿಕೊಂಡು ಹತ್ತು ತಿಂಗಳಾಗಿತ್ತು."

"ಅದು ಸರಿ. ಆದರೆ ಫೋಟೋಗೆ ಅದು ಗೊತ್ತಿಲ್ಲವಲ್ಲ." ಕನ್ನಡಕ ಕೆಳಗಿಳಿಸಿ ಅಂದರು, "ಒಂದು ಕೆಲಸ ಮಾಡಿ. ಪತಿಯನ್ನು ಒಂದು ವಾರ ಕರೆಸಿ. ಇಲ್ಲೇ ಒಂದು ಬ್ಯಾಂಕ್ವೆಟ್ ಹಾಲ್‌ನಲ್ಲಿ ರಿಸೆಪ್ಷನ್ ಇಡೋಣ. ಸ್ಟೇಜು, ಹೂವು, ಡಿಜೆ. ನಿಮ್ಮ ಮಮ್ಮಿಯನ್ನ ನಡುವೆ ಕೂರಿಸಿ. ನಿಮ್ಮ ಆಫೀಸಿನವರು, ನಮ್ಮ ಕಡೆಯಿಂದಲೂ ಜನ ಬರ್ತಾರೆ. ಮದುವೆ ದಿನದ್ದೇ ಅಂತ ಆಲ್ಬಂನಲ್ಲಿ ಸೇರಿಸಿಬಿಡೋಣ. ಎಲ್ಲರೂ ಮಾಡ್ತಾರೆ."

"ಆದರೆ ನಮ್ಮದು ನಿಜವಾದ ಮದುವೆ."

"ಅದಕ್ಕೇ ಹೇಳ್ತಿದೀನಿ, ಮೇಡಂ. ನಿಜವಾದದ್ದು ನಿಜದ ಹಾಗೆ ಕಾಣಬೇಕಲ್ಲ?"

ಅದನ್ನು ಆ ಸಂಜೆ ಗಂಡನಿಗೆ ಫೋನಿನಲ್ಲಿ ಹೇಳಿದೆ. ಅವರು ಬಸ್ಸಿನಲ್ಲಿದ್ದರು.

"ಮಾಡಿಬಿಡೋಣ," ಎಂದರು.

"ರೀ, ಅದು ಸುಳ್ಳು."

"ಏನು ಸುಳ್ಳು? ನೀನು ನನ್ನ ಹೆಂಡತಿ ಅನ್ನೋದು ಸುಳ್ಳಾ? ಅತ್ತೆ ನಿನ್ನ ತಾಯಿ ಅನ್ನೋದು ಸುಳ್ಳಾ?"

"ತಾರೀಖು ಸುಳ್ಳು. ಅಮ್ಮ ಸ್ಟೇಜ್ ಮೇಲಿದ್ದಳು ಅನ್ನೋದು ಸುಳ್ಳು. ಸಿಕ್ಕಿಬಿದ್ದರೆ ಏನು ಗತಿ?"

"ಸಿಕ್ಕಿಬೀಳೋ ಭಯವೋ, ಇಲ್ಲ ಬರೋಕೆ ಇಷ್ಟ ಇಲ್ಲವೋ?"

ಹೀಗೆ ಅವರು ಹಿಂದೆ ಎಂದೂ ಕೇಳಿರಲಿಲ್ಲ. ಫೋನನ್ನು ಯಾರು ಮೊದಲು ಇಟ್ಟರೋ ನೆನಪಿಲ್ಲ. ಮುಂದಿನ ನಾಲ್ಕೈದು ದಿನ ಸಂದೇಶವೂ ಇರಲಿಲ್ಲ. ಆ ದಿನಗಳಲ್ಲಿ ಅರ್ಜಿಯ ಪುಟವನ್ನು ಎದ್ದ ಕೂಡಲೇ ನೋಡಿದೆ, ನೋಯ್ಡಾದಲ್ಲಿ ಇಳಿದು ನೋಡಿದೆ, ಆಫೀಸಿನ ಲಿಫ್ಟಿನಲ್ಲಿ ನೋಡಿದೆ. ಕಟ್ಟಳೆ ಮುರಿದುಹೋಯಿತು.

ಅಮ್ಮನನ್ನು ಕರೆಸಿದೆ. ಏನಕ್ಕೆಂದು ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಅಮ್ಮ ರೈಲಿನಿಂದ ಇಳಿದಳು. ಕೂಲಿಯೊಬ್ಬನ ಹೆಗಲ ಮೇಲೆ ಒಂದು ಅಕ್ಕಿ ಮೂಟೆ.

"ಇದೇನಮ್ಮ, ದೆಹಲಿಯಲ್ಲಿ ಅಕ್ಕಿ ಸಿಗಲ್ವಾ?"

"ಸಿಗುತ್ತೆ. ನಿನ್ನ ಮನೇಲಿ ಸಿಗಲ್ಲ. ಯಾವಾಗ ಕೇಳಿದರೂ ಇವತ್ತು ಅಕ್ಕಿ ಮುಗೀತು ಅಂತೀಯ."

ಮೂರನೆಯ ಮಹಡಿಗೆ ಆ ಮೂಟೆಯನ್ನು ಇಬ್ಬರೂ ಎರಡು ಕಡೆ ಹಿಡಿದು ಹತ್ತಿಸಿದೆವು. ಆಂಟಿ ಬಾಗಿಲಿಗೆ ಬಂದು, "ಮಮ್ಮೀ ಆಯೀ ಹೈಂ!" ಎಂದು ಸಂತೋಷಪಟ್ಟರು. ಮನೆಯೊಳಗೆ ಅಮ್ಮ ಒಂದು ಸುತ್ತು ನೋಡಿದಳು. ಒಂದು ಹಾಸಿಗೆ, ಎರಡು ಪಾತ್ರೆ, ಬರಿಯ ಗೋಡೆ. "ಛತ್ರದಲ್ಲಿ ಇಳಿದುಕೊಂಡ ಹಾಗಿದೀಯಲ್ಲೇ," ಎಂದಳು.

ಊಟವಾದ ಮೇಲೆ ಪತ್ರದ ವಿಷಯ ಹೇಳಿದೆ. ಫೋಟೋದಲ್ಲಿ ಅಮ್ಮ ಇಲ್ಲ ಎಂಬ ಭಾಗಕ್ಕೆ ಬಂದಾಗ ನಾನು ಅವಳ ಮುಖ ನೋಡಲಿಲ್ಲ. ಸಲಹೆಗಾರರ ಉಪಾಯವನ್ನೂ ಹೇಳಿದೆ. ಗಂಡನಿಗೆ ಅದು ಒಪ್ಪಿಗೆ ಎಂದೂ ಹೇಳಿದೆ.

"ಸ್ಟೇಜ್ ಮೇಲೆ ನಾನು ಕೂರೋದಾ?"

"ಹೂಂ."

"ಹೂವೆಲ್ಲ ಕಟ್ಟಿಸಿ?"

"ಹೂಂ."

ಅಮ್ಮ ತಟ್ಟೆಯಲ್ಲಿ ಬೆರಳಾಡಿಸುತ್ತಾ ಯೋಚಿಸಿದಳು. "ಕೂರ್ತೀನಿ ಕಣೆ. ನಿನಗೋಸ್ಕರ ಎಲ್ಲಿ ಬೇಕಾದರೂ ಕೂರ್ತೀನಿ. ಆದರೆ ಒಂದು. ಆಮೇಲೆ ಆ ಆಫೀಸರ್ ಫೋನ್ ಮಾಡಿ, ಅಮ್ಮಾ, ಮದುವೆ ದಿನ ನೀವು ಎಲ್ಲಿದ್ರಿ ಅಂದರೆ ನಾನು ಏನು ಹೇಳಲಿ? ನನಗೆ ಬಾಯಿಗೆ ಬರೋದು ಉಗ್ರಾಣ ಅಂತಲೇ."

ನನ್ನ ತೊಡೆಯ ಮೇಲೆ ಕೈ ತಟ್ಟಿ ಎದ್ದಳು. "ಅದನ್ನೇ ಬರೆದುಕೊಡೋಣ. ಬೇರೆ ನೆನಪಿಟ್ಟುಕೊಳ್ಳೋಕೆ ಆಗಲ್ಲ ನನಗೆ."

ಮರುದಿನ ಕೋರ್ಟಿನ ಹೊರಗೆ ಹೋದೆವು. ಬೇವಿನ ಮರದ ಕೆಳಗೆ ಮೇಜುಗಳನ್ನು ಹಾಕಿಕೊಂಡು ನೋಟರಿಗಳು ಕೂತಿರುತ್ತಾರೆ, ಪಕ್ಕದಲ್ಲಿ ಟೈಪು ಮಾಡುವವರು. ನಾನು ವಿಷಯ ಹೇಳಿದೆ. ಟೈಪಿಸ್ಟ್ ಅರ್ಧ ಕೇಳಿ, ಬೆರಳು ಓಡಿಸಿ, ಹಾಳೆ ತೆಗೆದು ಕೊಟ್ಟರು. ವಧುವಿನ ತಾಯಿಯಾದ ನಾನು ಅನಿವಾರ್ಯ ಕಾರಣಗಳಿಂದ ಮದುವೆಗೆ ಹಾಜರಾಗಲು ಆಗಲಿಲ್ಲ, ಎಂದು ಇಂಗ್ಲಿಷಿನಲ್ಲಿ ಇತ್ತು.

"ಏನಂತೆ?" ಎಂದಳು ಅಮ್ಮ.

ಹೇಳಿದೆ.

"ಯಾರು ಹೇಳಿದ್ದು ಅವನಿಗೆ? ನಾನು ಇದ್ದೆನಲ್ಲ. ಬೆಳಗಿನ ಜಾವದಿಂದ ಇದ್ದೆ. ಚಿಕ್ಕಪ್ಪ ಬರೋಕೆ ಮುಂಚೆ ಬಂದಿದ್ದೆ."

ಟೈಪಿಸ್ಟ್ ನನ್ನತ್ತ ನೋಡಿದರು. "ಮಾತಾಜಿ ಇದ್ದರಾ ಇಲ್ಲವಾ? ಒಂದು ಹೇಳಿ."

"ಇದ್ದರು. ಪಕ್ಕದ ಕೋಣೆಯಲ್ಲಿ."

"ಅಲ್ಲಿ ಏನು ಮಾಡ್ತಿದ್ದರು? ಅದನ್ನೂ ಬರೆದರೆ ಗಟ್ಟಿಯಾಗುತ್ತೆ."

ಅಮ್ಮನಿಗೆ ಕೇಳಿದೆ. ಅಕ್ಕಿ ಬೇಳೆ ಅಳೆದದ್ದನ್ನು ಹೇಳುತ್ತಾಳೆ ಎಂದುಕೊಂಡಿದ್ದೆ. ಅದನ್ನು ಹೇಳಿದಳು. ಆಮೇಲೆ ಸೆರಗನ್ನು ಸರಿಮಾಡಿಕೊಂಡು, ಮರದ ಕಡೆ ನೋಡುತ್ತಾ ಹೇಳಿದಳು: "ಗಟ್ಟಿಮೇಳ ಅಂತ ಕೂಗಿದರಲ್ಲ, ಆಗ ಎದ್ದು ನಿಂತುಕೊಂಡೆ. ಕೈಯಲ್ಲಿ ಅಕ್ಷತೆ ಇಟ್ಟುಕೊಂಡಿದ್ದೆ ಮೊದಲೇ. ಡೋಲು ಜೋರಾಯ್ತು. ತಾಳಿ ಆಯ್ತು ಅಂತ ಗೊತ್ತಾಯ್ತು. ಬಾಗಿಲ ಕಡೆ ಹಾಕಿದೆ."

ಇದು ನನಗೆ ಗೊತ್ತಿರಲಿಲ್ಲ. ನಮ್ಮ ತಲೆಯ ಮೇಲೆ ಎಲ್ಲರ ಅಕ್ಷತೆ ಬೀಳುತ್ತಿದ್ದಾಗ, ಗೋಡೆಯ ಆಚೆ, ಮುಚ್ಚಿದ ಬಾಗಿಲಿಗೆ ಇನ್ನೊಂದು ಹಿಡಿ ಬಿದ್ದಿತ್ತು. ಅದನ್ನು ಹಿಂದಿಗೆ ತಿರುಗಿಸಿ ಹೇಳಬೇಕಾದದ್ದು ನಾನು. ಶುರು ಮಾಡಿದೆ, ಅರ್ಧಕ್ಕೆ ನಿಲ್ಲಿಸಿದೆ. ಟೈಪಿಸ್ಟ್ ಕಾದರು. ಅಮ್ಮನೇ ತನಗೆ ಬಂದ ಹಿಂದಿಯಲ್ಲಿ ಕೈ ಮುಂದೆ ಚೆಲ್ಲಿ ತೋರಿಸಿ, "ಚಾವಲ್. ಆಶೀರ್ವಾದ್," ಎಂದಳು.

"ಸಮಝ್ ಗಯಾ, ಮಾತಾಜಿ," ಎಂದು ಅವರು ಹೊಸ ಹಾಳೆ ಹಾಕಿದರು.

ಅಮ್ಮನ ಹೇಳಿಕೆಯನ್ನು ಕಳಿಸಿದ ಮೇಲೆ ಗಂಡನಿಗೆ ಅದರ ಪ್ರತಿಯನ್ನೂ ಕಳಿಸಿದೆ, ಬೇರೇನೂ ಬರೆಯದೆ. ಅವರು ಸಂಜೆ ಫೋನ್ ಮಾಡಿದರು. ಕ್ಷಮೆ ಅದು ಇದು ಅನ್ನಲಿಲ್ಲ. "ಅತ್ತೆ ಇಷ್ಟೆಲ್ಲ ಹೇಳಿದಾರಾ?" ಎಂದರು. ಆಮೇಲೆ, "ರಿಸೆಪ್ಷನ್ ಬೇಡ ಬಿಡು." ಅಷ್ಟೇ.

ಚಳಿ ಶುರುವಾಗುವ ಹೊತ್ತಿಗೆ ಸಂದರ್ಶನಕ್ಕೆ ಕರೆ ಬಂತು. ಅಮ್ಮ ಊರಿಗೆ ಹೋಗಿರಲಿಲ್ಲ. ರಾಯಭಾರ ಕಚೇರಿಗಳಿರುವ ಚಾಣಕ್ಯಪುರಿಗೆ ಆಟೋದಲ್ಲಿ ಹೋದೆವು. ಗೇಟಿನಿಂದ ಒಳಗೆ ನನಗೆ ಮಾತ್ರ ಪ್ರವೇಶ. ಅಮ್ಮ ಫುಟ್‌ಪಾತಿನ ಅಂಚಿನಲ್ಲಿ ಶಾಲು ಹೊದ್ದು ಕೂತಳು. ಕಾವಲಿನವನು ಬಂದು, "ಮಾತಾಜಿ, ಯಹಾಂ ನಹೀ ಬೈಠನಾ," ಎಂದ. ಅಮ್ಮ ಎದ್ದು, ರಸ್ತೆಯ ಆಚೆ ಬದಿಯ ಒಂದು ಮರದ ಬುಡಕ್ಕೆ ಹೋದಳು. ನಾನು ತಿರುಗಿ ನೋಡಿದಾಗ ಹೋಗು ಹೋಗು ಎಂದು ಕೈಯಾಡಿಸಿದಳು.

ಒಳಗೆ ಗಾಜಿನ ಆಚೆ ಒಬ್ಬಳು ಅಧಿಕಾರಿ. ನನ್ನ ವಯಸ್ಸಿನವಳೇ ಇರಬೇಕು. ಗಟ್ಟಿಯಾಗಿ ಮಾತಾಡಲಿಲ್ಲ, ನಗಲೂ ಇಲ್ಲ. ಗಂಡನ ಪಾಳಿಯ ಹೊತ್ತು, ಅವರ ಮನೆಗೆ ಎಷ್ಟು ಕಿಟಕಿ, ಅವರಿಗೆ ಯಾವ ಅಡುಗೆ ಬರುತ್ತದೆ. ಉತ್ತರ ಹೇಳುತ್ತಾ ಹೋದೆ. ಅಂಗೈಯ ಬೆವರು ಕಾಣಬಾರದೆಂದು ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೆ, ಆಮೇಲೆ ಏನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡಾಳು ಎಂದು ಮೇಲೆ ಇಟ್ಟೆ.

"ಮದುವೆಯಾದ ಮೇಲೆ ತಾಯಿಯನ್ನು ಭೇಟಿಯಾದಿರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಆ ಕೂಡಲೇ. ಇಬ್ಬರೂ ಉಗ್ರಾಣಕ್ಕೆ ಹೋದೆವು."

"ಅವರು ನಿಮಗೆ ಏನಾದರೂ ಕೊಟ್ಟರಾ?"

ಉಗ್ರಾಣದ ಕತ್ತಲು, ಎಣ್ಣೆ ಡಬ್ಬಗಳ ವಾಸನೆ, ಅಮ್ಮ ಅತ್ತ ಇತ್ತ ನೋಡಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡದ್ದು ನೆನಪಾಯಿತು.

"ಬೆಲ್ಲ. ಅಚ್ಚಿನ ಬೆಲ್ಲದ ಒಂದು ಚೂರು ಒಡೆದು, ಇಬ್ಬರ ಬಾಯಿಗೂ ಅರ್ಧರ್ಧ ಹಾಕಿದಳು."

ಅವಳು ಬರೆದುಕೊಂಡಳು. "ನಿಮ್ಮ ಪತಿಯನ್ನೂ ನಾವು ಫೋನಿನಲ್ಲಿ ಮಾತಾಡಿಸುತ್ತೇವೆ," ಎಂದಳು.

ಹೊರಗೆ ಬಂದಾಗ ಅಮ್ಮ ಇದ್ದಲ್ಲೇ ಇದ್ದಳು, ಕಡಲೆಕಾಯಿ ಬಿಡಿಸುತ್ತಾ. "ಏನು ಕೇಳಿದರು?" ಎಂದಳು. "ನಿನ್ನ ವಿಷಯ," ಎಂದೆ. ಒಂದು ಹಿಡಿ ಬಿಡಿಸಿದ ಬೀಜವನ್ನು ನನ್ನ ಕೈಗೆ ಸುರಿದಳು.

ಸಂಜೆ ಗಂಡ ಫೋನ್ ಮಾಡಿ ಅದನ್ನೇ ಕೇಳಿದರು. "ಏನೇನು ಕೇಳಿದರು? ಒಂದೂ ಬಿಡದೆ ಹೇಳು. ನನಗೂ ಅದನ್ನೇ ಕೇಳ್ತಾರೆ."

ಬೆಲ್ಲ ಎಂದು ಹೇಳಬೇಕಾಗಿದ್ದುದು ಅಷ್ಟೇ. ಸಲಹೆಗಾರರಾಗಿದ್ದರೆ ಅದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ ಎನ್ನುತ್ತಿದ್ದರು. ನಾನು ಕಿಟಕಿ, ಅಡುಗೆ, ಪಾಳಿ ಎಲ್ಲವನ್ನೂ ಹೇಳಿದೆ.

"ಅಷ್ಟೇನಾ?"

"ಇನ್ನೊಂದಿದೆ. ಅದನ್ನ ಹೇಳಲ್ಲ."

"ಯಾಕೆ?"

"ನಿಮಗೆ ನೆನಪಿದೆಯೋ ಇಲ್ಲವೋ ಅಂತ ನನಗೂ ಗೊತ್ತಾಗಬೇಕು."

ಅತ್ತಲಿಂದ ಬಸ್ಸಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿತು. "ನೀನೂ ಆಫೀಸರ್ ಆಗಿಬಿಟ್ಟೆಯಾ?" ಎಂದರು. ಕೋಪವೋ ತಮಾಷೆಯೋ ತಿಳಿಯಲಿಲ್ಲ. ಅಮ್ಮ ಒಲೆಯ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನಾನು ಫೋನಿಟ್ಟಾಗ, "ಹೇಳಿಬಿಡಬಾರದಿತ್ತಾ, ಹುಚ್ಚಿ," ಎಂದಳು. ಹೇಳಿಬಿಡಬೇಕಿತ್ತು ಎಂದು ಆಮೇಲಿನ ಪ್ರತಿ ದಿನವೂ ನನಗನಿಸಿತು. ಎರಡು ವರ್ಷದ ಕಾಯುವಿಕೆಯನ್ನು ಒಂದು ಚೂರು ಬೆಲ್ಲಕ್ಕೆ ಪಣವಿಟ್ಟಿದ್ದೆ. ಎರಡು ಸಲ ಸಂದೇಶದಲ್ಲಿ ಬರೆದು ಅಳಿಸಿದೆ. ಹೊಗೆ ದಟ್ಟವಾದ ದಿನಗಳು ಅವು. ಮೆಟ್ರೋ ಕಿಟಕಿಯಿಂದ ಎದುರಿನ ಕಟ್ಟಡ ಕಾಣುತ್ತಿರಲಿಲ್ಲ.

ಒಂದು ಸಂಜೆ, ನಾನು ಇನ್ನೂ ಯಮುನಾ ಬ್ಯಾಂಕಿನ ಪ್ಲಾಟ್‌ಫಾರ್ಮಿನಲ್ಲಿರುವಾಗಲೇ ಅವರ ಫೋನು ಬಂತು.

"ವೀಸಾದವರು ಫೋನ್ ಮಾಡಿದ್ದರು. ಅರ್ಧ ಗಂಟೆ."

"ಏನು ಕೇಳಿದರು?"

"ಅತ್ತೆ ಏನು ಕೊಟ್ಟರು ಅಂದರು. ಅದೇ ತಾನೇ ನಿನ್ನ ಗುಟ್ಟು? ಬೆಲ್ಲ ಅಂದೆ."

ನಾನು ಕಂಬಕ್ಕೆ ಒರಗಿದೆ. ನನ್ನ ಗಾಡಿ ಬಂತು, ಹೋಯಿತು.

"ಇದ್ದೀಯಾ?"

"ಇದ್ದೀನಿ."

"ಅತ್ತೆ ಕೈಯೆಲ್ಲ ಎಣ್ಣೆ ಎಣ್ಣೆ ಇತ್ತು. ಸೆರಗಿಗೆ ಒರೆಸಿಕೊಂಡು ಬೆಲ್ಲ ಒಡೆದರು. ನನಗೆ ದೊಡ್ಡ ಚೂರು, ನಿನಗೆ ಚಿಕ್ಕದು. ಅಳಿಯ ಅಂತ. ನೀನು ಮುಖ ಊದಿಸಿಕೊಂಡಿದ್ದೆ. ಅದನ್ನೂ ಹೇಳಿದೆ."

"ಅಯ್ಯೋ, ನಾನು ಅರ್ಧರ್ಧ ಅಂದಿದ್ದೀನಿ ರೀ!"

"ಅರ್ಧರ್ಧ ಎಲ್ಲಿ? ನನ್ನ ಬಾಯಿ ತುಂಬಿಹೋಗಿತ್ತು. ಪುರೋಹಿತರು ಕರೀತಿದ್ದರು, ನುಂಗೋಕೂ ಆಗ್ತಿರಲಿಲ್ಲ."

ಬಹಳ ದಿನಗಳ ಮೇಲೆ ನಾವು ಅರ್ಜಿಯದ್ದಲ್ಲದ ಮಾತು ಆಡಿದ್ದು ಅಂದು. ಅವರು ಹಲ್ಲುಸೆಟ್ಟಿನ ಅಜ್ಜ ತೀರಿಕೊಂಡದ್ದನ್ನು ಹೇಳಿದರು. ಹೋಗಿ ಎರಡು ತಿಂಗಳಾಗಿತ್ತಂತೆ. ನನಗೆ ಹೇಳಿರಲಿಲ್ಲ. ಹೇಳಲು ನಮಗೆ ಪುರುಸೊತ್ತೇ ಇರಲಿಲ್ಲ. ಫೋನಿಟ್ಟ ಮೇಲೆ ಸಂತೋಷ ಸ್ವಲ್ಪ ಹೊತ್ತು ಉಳಿಯಿತು. ಲಕ್ಷ್ಮೀ ನಗರದಲ್ಲಿ ಇಳಿಯುವಷ್ಟರಲ್ಲಿ ಆ ಅರ್ಧರ್ಧ ಮತ್ತು ದೊಡ್ಡ ಚೂರು ಎಂಬ ಎರಡು ಉತ್ತರಗಳು ಒಂದರ ಪಕ್ಕ ಒಂದು ಆ ಅಧಿಕಾರಿಯ ಮೇಜಿನ ಮೇಲೆ ಇರುವುದು ನನ್ನ ಕಣ್ಣಿಗೆ ಕಟ್ಟಿತು. ಅಮ್ಮನನ್ನು ಕೇಳಿದೆ. "ಯಾರಿಗೆ ಗೊತ್ತು? ಕತ್ತಲೆ," ಎಂದಳು.

ಅಮ್ಮ ಊರಿಗೆ ಹೋದಳು. ಚಳಿ ಮುಗಿಯಿತು. ಪುಟದಲ್ಲಿ ಅದೇ ಸಾಲು.

ಕೊನೆಗೆ ಮೇಲ್ ಬಂದಾಗ ನಾನು ಬುಧವಾರದ ಸಂತೆಯಲ್ಲಿದ್ದೆ, ತರಕಾರಿ ಗಾಡಿಯ ಮುಂದೆ. ಪಾಸ್‌ಪೋರ್ಟ್ ಕಳಿಸಿ ಎಂದಿತ್ತು. ಮೋಸದ ಮೇಲ್ ಇರಬಹುದೆಂದು ವಿಳಾಸದ ಒಂದೊಂದು ಅಕ್ಷರವನ್ನೂ ನೋಡಿದೆ. ಪಾಸ್‌ಪೋರ್ಟ್ ವಾಪಸು ಬಂದು, ಒಳಗೆ ವೀಸಾ ಅಂಟಿಸಿದ್ದನ್ನು ಬೆರಳಿನಿಂದ ಮುಟ್ಟಿ ನೋಡಿದ ಮೇಲೆ ಮೊದಲು ಗಂಡನಿಗೆ, ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ.

"ಹಾಗಾದರೆ ನಂಬಿದರಾ?"

"ನಂಬಿದರು ಅಂತ ಎಲ್ಲೂ ಬರೆದಿಲ್ಲಮ್ಮ. ವೀಸಾ ಕೊಟ್ಟಿದಾರೆ."

"ಸರಿ ಬಿಡು." ಎಂದಳು. "ಅಕ್ಕಿ ಎಷ್ಟಿದೆ ಮನೇಲಿ?"

ಮೂಟೆಯ ತಳದಲ್ಲಿ ಇನ್ನೂ ಮೂರು ನಾಲ್ಕು ಕೆಜಿ ಇತ್ತು. ಹೇಳಿದೆ.

"ಇನ್ನು ತರಬೇಡ," ಎಂದಳು ಅಮ್ಮ.

ಹೊರಡುವುದು ಮುಂದಿನ ತಿಂಗಳು. ಬೆಳಿಗ್ಗೆ ನೋಯ್ಡಾ ಗಾಡಿಯಲ್ಲಿ ಜಾಗ ಸಿಕ್ಕ ಕೂಡಲೇ ಕೈ ತಾನಾಗಿ ಫೋನಿನತ್ತ ಹೋಗುತ್ತದೆ. ಅರ್ಜಿ ಇತ್ಯರ್ಥವಾಗಿದೆ ಎಂದು ಪುಟದಲ್ಲಿದೆ. ನಿನ್ನೆಯೂ ಇತ್ತು. ನಾಳೆಯೂ ನೋಡುತ್ತೇನೆ.